ಸಿಂಕ್ ಕೆಳಗಿನ ಬಾಟಲಿ

ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ, ಹಾಸ್ಟೆಲಿಗೆ ಮೈಸೂರುಪಾಕ್ ತಂದುಕೊಟ್ಟವರಿಗೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೈಡ್ ಮೇಡಂ, ಆರು ವರ್ಷ ಕೆಸರಿನ ವಾಸನೆ ಸಹಿಸಿಕೊಂಡ ಲ್ಯಾಬಿನ ಗೆಳತಿಯರು, ರೂಮ್‌ಮೇಟ್, ಅಮ್ಮ, ತಮ್ಮ, ನಿಮ್ಮೆಲ್ಲರ ಹೆಸರೂ ಥೀಸಿಸ್‌ನಲ್ಲಿದೆ. ಆದರೆ ಅಲ್ಲಿ 'ಲ್ಯಾಬ್ ಸಿಬ್ಬಂದಿಗೆ' ಅಂತ ಎರಡೇ ಪದದಲ್ಲಿ ನಾನು ದಾಟಿಸಿಬಿಟ್ಟವರು ಒಬ್ಬರಿದ್ದಾರೆ. ನಮ್ಮ ಅಟೆಂಡರ್ ಅಣ್ಣ. ಇದನ್ನು ಬರೆಯುತ್ತಿರುವುದು ಅವರಿಗೋಸ್ಕರ.

ನನ್ನ ಕೆಲಸ ಏನು ಅಂತ ನೆಂಟರು ಕೇಳುತ್ತಲೇ ಇರುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ಕೆರೆಯ ಕೆಸರಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇವೆ. ನೀರಿನಲ್ಲಿರುವ ಕಬ್ಬಿಣ ಹೀರಿಕೊಂಡು, ಮೈಯೊಳಗೇ ಪುಟ್ಟ ಪುಟ್ಟ ಅಯಸ್ಕಾಂತ ಕಟ್ಟಿಕೊಳ್ಳುತ್ತವೆ. ಒಂದೊಂದೂ ಸುಮಾರು 50 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಅವನ್ನು ಮಣಿಸರದ ಹಾಗೆ ಸಾಲಾಗಿ ಜೋಡಿಸಿಕೊಂಡಿರುತ್ತವೆ. ಆ ಸರವೇ ಅವುಗಳ ದಿಕ್ಸೂಚಿ. 1963ರಲ್ಲಿ ಇಟಲಿಯ ಪಾವಿಯಾದಲ್ಲಿ ಸಾಲ್ವತೋರೆ ಬೆಲ್ಲಿನಿ ಇದನ್ನು ಕಂಡು ಬರೆದಿಟ್ಟರು, ಹೊರಗಿನವರು ಹೆಚ್ಚು ಗಮನಿಸಲಿಲ್ಲ. 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ತಾವೇ ಕಂಡು ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು. ಆಗ ಅವರೂ ನನ್ನ ಹಾಗೆ ವಿದ್ಯಾರ್ಥಿ.

ಈಗ ಆ ರಾತ್ರಿಯ ವಿಷಯ.

ಕೆಸರಿನಿಂದ ಆ ಬ್ಯಾಕ್ಟೀರಿಯಾಗಳನ್ನು ಒಂದೂವರೆ ವರ್ಷ ಕಷ್ಟಪಟ್ಟು ಬೇರ್ಪಡಿಸಿ, ಟ್ಯೂಬಿನಲ್ಲಿ ಬೆಳೆಸಿದ್ದ ಕಲ್ಚರ್ ನನ್ನದು. ಆವತ್ತು ಸಂಜೆ ಒಂದು ಹನಿ ಗಾಜಿನ ಮೇಲೆ ಹಾಕಿ, ಪಕ್ಕದಲ್ಲಿ ಅಯಸ್ಕಾಂತ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಲ್ಲವೂ ಜೀವಂತ, ಚೆನ್ನಾಗಿ ಈಜುತ್ತಿವೆ, ಆದರೆ ಒಂದೂ ತಿರುಗಲಿಲ್ಲ. ಫ್ರಿಜ್ಜಿನಲ್ಲಿಟ್ಟಿದ್ದ ಬೇರೆ ಟ್ಯೂಬುಗಳದ್ದೂ ಅದೇ ಕಥೆ. ಅಯಸ್ಕಾಂತ ಕಟ್ಟುವ ಜೀನುಗಳು ಹೆಚ್ಚಾಗಿ ಒಂದೇ ಕಡೆ ಗುಂಪಾಗಿರುತ್ತವೆ, ಲ್ಯಾಬಿನಲ್ಲಿ ಬೆಳೆಸುತ್ತಾ ಹೋದರೆ ಕೆಲವು ಸಲ ಆ ಗುಂಪೇ ಕಳಚಿ ಬೀಳುತ್ತದೆ. ಬೇಕಾದ ಜಾಗ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲದ ಕಡೆ ಅದಿಲ್ಲದೆಯೂ ಅವು ಬದುಕಿಬಿಡುತ್ತವೆ. ಓದಿ ಗೊತ್ತಿತ್ತು. ನನ್ನದಕ್ಕೇ ಆಗುತ್ತೆ ಅಂದುಕೊಂಡಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ತಮ್ಮನ ಫೋನ್ ಬಂತು, ಅಪ್ಪನಿಗೆ ತುಂಬಾ ಹುಷಾರು ತಪ್ಪಿದೆ ಅಂತ. ಅಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯಲ್ಲ. ಊರಿಗೆ ಕೊನೆಯ ಬಸ್ಸು ಹೋಗಿಯಾಗಿತ್ತು. ನಾನು ಸ್ಟೂಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಇಷ್ಟು ದಿನ ಇಲ್ಲಿ ಕೂತು ಏನು ಮಾಡಿದೆ, ಊರಿಗೆ ಹೋಗಿ ಅಪ್ಪನ ಜೊತೆ ನಾಲ್ಕು ದಿನ ಇರಲಿಲ್ಲವಲ್ಲ ಅಂತ.

ಅಣ್ಣನ ಡ್ಯೂಟಿ ಮುಗಿದಿತ್ತು. ಬೀಗ ಹಾಕೋಕೆ ಬಂದವರು ಹೋಗಲಿಲ್ಲ. ತಮ್ಮ ಡಬ್ಬಿಯಲ್ಲಿ ಉಳಿದಿದ್ದ ಮೊಸರನ್ನ ತಿನ್ನಿಸಿದರು. ಸಮಾಧಾನದ ಮಾತು ಏನೂ ಆಡಲಿಲ್ಲ. ಸುಮ್ನೆ ಎದುರಿಗೆ ಕೂತಿದ್ದರು. ತುಂಬಾ ಹೊತ್ತಾದ ಮೇಲೆ, "ಟ್ಯೂಬಿನದ್ದು ಹೋದ್ರೆ ಹೋಯ್ತು ಬುಡವ್ವ, ನಿಮ್ಮಪ್ಪಾರು ತುಂಬ್ಕೊಟ್ಟಿದ್ದು ಐತಲ್ಲ" ಅಂದರು.

ಮೊದಲ ವರ್ಷ ಅಪ್ಪನೇ ಪಂಚೆ ಎತ್ತಿ ಕಟ್ಟಿ, ನಮ್ಮೂರ ಕೆರೆಗಿಳಿದು ತುಂಬಿಕೊಟ್ಟಿದ್ದ ಕೆಸರಿನ ಬಾಟಲಿ ಅದು. ಹಳೆಯದನ್ನೆಲ್ಲ ಎಸೆಯಿರಿ ಅಂದಾಗ ಅದೂ ಹೋಯಿತು ಅಂದುಕೊಂಡಿದ್ದೆ. ಅಣ್ಣ ಸಿಂಕ್ ಕೆಳಗೆ, ಬಿಸಿಲು ಬೀಳದ ಕಡೆ ಎತ್ತಿಟ್ಟಿದ್ದರು. ಮುಚ್ಚಳ ಬಿಗಿ ಮಾಡದೆ, ಆರಿದಾಗೆಲ್ಲ ನೀರು ಹಾಕುತ್ತಾ. ನಾನು ಯಾರಿಗೋ ಹೇಳಿಕೊಡುವಾಗ ಕೇಳಿಸಿಕೊಂಡಿದ್ದರಂತೆ.

ರಾತ್ರಿ ಎರಡು ಗಂಟೆಗೆ ಅದರಿಂದ ಒಂದು ಹನಿ ತೆಗೆದೆವು. ಅಯಸ್ಕಾಂತ ಇಟ್ಟೆ. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಹನಿಯ ಅಂಚಿನಲ್ಲಿ ಒಂದು, ಎರಡು, ಹತ್ತು, ನೋಡನೋಡುತ್ತಾ ಸಂತೆಯ ಹಾಗೆ ಜಮಾಯಿಸಿದವು. ಅಯಸ್ಕಾಂತವನ್ನು ಮಗುಚಿ ಇಟ್ಟೆ. ಅಷ್ಟೂ ಒಟ್ಟಿಗೆ ಬೆನ್ನು ತಿರುಗಿಸಿ ಆಚೆ ಅಂಚಿಗೆ ಹೊರಟವು.

ಅಣ್ಣ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದರು. "ಅಯಸ್ಕಾಂತ ಎಳೀತದಾ?"

"ಇಲ್ಲ ಅಣ್ಣ, ತಿರುಗಿಸುತ್ತೆ ಅಷ್ಟೇ. ಈಜೋದು ಅವೇ, ಬಾಲ ಬಡಿದುಕೊಂಡು. ಸತ್ತಿದ್ದು ಕೂಡ ತಿರುಗುತ್ತೆ, ಆದರೆ ಮುಂದಕ್ಕೆ ಹೋಗಲ್ಲ."

"ಇದ್ರಿಂದ ಅವಕ್ಕೇನು?"

ಹೇಳಿದೆ. ಅವಕ್ಕೆ ಆಮ್ಲಜನಕ ಜಾಸ್ತಿ ಇದ್ದರೆ ಆಗದು, ಒಂಚೂರು ಬೇಕು. ಅಂಥ ಜಾಗ ಕೆಸರಿನ ಹತ್ತಿರ ತೆಳ್ಳನೆ ಪದರದಲ್ಲಿರುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಉತ್ತರಕ್ಕೆ ಹೋಗುತ್ತಾ ಸ್ವಲ್ಪ ಕೆಳಕ್ಕೂ ಬಾಗಿರುತ್ತದೆ. ಅದೇ ಗೆರೆ ಹಿಡಿದರೆ ಸುತ್ತಮುತ್ತ ಅಲೆಯಬೇಕಿಲ್ಲ, ಹಿಂದೆ ಇಲ್ಲಾ ಮುಂದೆ ಹೋದರೆ ಸಾಕು. ತಿರುನಲ್ವೇಲಿ ಹತ್ತಿರ ಆ ಗೆರೆ ಹೆಚ್ಚುಕಡಿಮೆ ಮಟ್ಟಸ, ಬ್ರೆಜಿಲ್‌ನ ಅಂಥದ್ದೇ ಒಂದು ಜಾಗದಲ್ಲಿ ಉತ್ತರಕ್ಕೆ ಹೋಗುವವೂ ದಕ್ಷಿಣಕ್ಕೆ ಹೋಗುವವೂ ಎರಡೂ ಸಿಕ್ಕಿವೆ ಅಂತ ಹೇಳುತ್ತಾ ಹೇಳುತ್ತಾ ನನ್ನ ಅಳು ನಿಂತಿತ್ತು, ಆಗ ನನಗದು ಗೊತ್ತೂ ಆಗಲಿಲ್ಲ.

"ಇನ್ನೊಂದ್ಸಲ ತಿರುಗ್ಸವ್ವ" ಅಂದರು. ಬೆಳಗಿನ ಜಾವದವರೆಗೂ ತಿರುಗಿಸಿದೆವು. ಆಮೇಲೆ ಟಿವಿಎಸ್ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟು, ಮೊದಲ ಬಸ್ಸು ಹೊರಡುವವರೆಗೂ ಕಿಟಕಿ ಕೆಳಗೇ ನಿಂತಿದ್ದರು.

ಅಪ್ಪ ಈಗ ಮನೆಯಲ್ಲಿದ್ದಾರೆ, ಗೋಡೆ ಹಿಡಿದು ಓಡಾಡುತ್ತಾರೆ. ಥೀಸಿಸ್‌ನ ಕೊನೆಯ ಮೂರು ಅಧ್ಯಾಯ ಪೂರ್ತಿ ಆ ಬಾಟಲಿಯದ್ದೇ. ಪ್ರತಿಯನ್ನು ಅಣ್ಣನಿಗೆ ಕೊಟ್ಟಾಗ ಮಣಿಸರದ ಫೋಟೋ ಹುಡುಕಿ ತೆಗೆದು, "ಇದು ನಮ್ದೇ ಅಲ್ವಾ?" ಅಂದರು. ನಮ್ಮದೇ ಅಣ್ಣ.

ಲ್ಯಾಬಿಗೆ ಹೊಸದಾಗಿ ಸೇರಿರುವವರೇ, ಬಾಟಲಿ ಇನ್ನೂ ಸಿಂಕ್ ಕೆಳಗೇ ಇದೆ. ಅಣ್ಣ ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಮುಚ್ಚಳ ಬಿಗಿ ಮಾಡಬೇಡಿ, ವಾರಕ್ಕೊಮ್ಮೆ ನೀರು ನೋಡಿ.