ತೋಳಿಗೆ ಕಟ್ಟಿಕೊಂಡ ಮಾತು

ಆತ್ಮೀಯ ಕನ್ನಡ ಬಂಧುಗಳೇ,

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ, ಪಕ್ಕದ ಮನೆಯ ಯಹೂದಿ ಅಜ್ಜ ತಮ್ಮ ಮೊಮ್ಮಗನ ಬಾರ್ ಮಿಟ್ಸ್ವಾಕ್ಕೆ, ಅಂದರೆ ಹುಡುಗ ಧರ್ಮದ ಲೆಕ್ಕದಲ್ಲಿ ದೊಡ್ಡವನಾಗುವ ಸಂಸ್ಕಾರಕ್ಕೆ, ನಮ್ಮನ್ನೂ ಕರೆದಿದ್ದರು. ಹುಡುಗನಿಗೆ 13 ತುಂಬಿತ್ತು. ಅವರ ಪ್ರಾರ್ಥನಾ ಮಂದಿರ ಸಿನಗಾಗಿನ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹುಡುಗ ಎಡಗೈ ಅಂಗಿಯ ತೋಳು ಮೇಲಕ್ಕೆ ಮಡಚಿದ. ಕಪ್ಪು ಚರ್ಮದ ಪುಟ್ಟ ಡಬ್ಬಿಯನ್ನು ರಟ್ಟೆಯ ಮೇಲೆ, ಎದೆಯ ಕಡೆಗೆ ವಾಲುವಂತೆ ಇಟ್ಟುಕೊಂಡ. ಪ್ರಾರ್ಥನೆಯ ಒಂದು ಸಾಲು ಹೇಳಿ ಪಟ್ಟಿ ಬಿಗಿದ. ಮೊಣಕೈ ಕೆಳಗೆ ಏಳು ಸುತ್ತು. ಮೂರನೆಯ ಸುತ್ತಿಗೆ ಪಟ್ಟಿ ಸಡಿಲವಾಯಿತು. ಅಜ್ಜ ಮಾತಾಡಲಿಲ್ಲ, ಬೆರಳಲ್ಲೇ ತೋರಿಸಿದರು. ಕೈಯದು ಕಟ್ಟಿದ ಮೇಲೆ ತಲೆಯದು ಇಡುವವರೆಗೆ ಮಾತಾಡುವ ಹಾಗಿಲ್ಲವಂತೆ. ಇನ್ನೊಂದು ಡಬ್ಬಿ ಹಣೆಯ ಮೇಲ್ಗಡೆ, ಕೂದಲು ಶುರುವಾಗುವ ಕಡೆ ಕೂತಿತು. ಆಮೇಲೆ ಕೈಪಟ್ಟಿಯ ತುದಿಯನ್ನು ನಡುಬೆರಳಿಗೆ ಮೂರು ಸುತ್ತು ಸುತ್ತುತ್ತಾ ಪ್ರವಾದಿ ಹೋಶೇಯನ ಸಾಲುಗಳನ್ನು ಹೇಳಿದ. ಎಂದೆಂದಿಗೂ ನಿನ್ನನ್ನು ವರಿಸುತ್ತೇನೆ ಅಂತ ದೇವರು ತನ್ನ ಜನಕ್ಕೆ ಕೊಡುವ ಮಾತು ಅದು. ಬೆರಳಿಗೆ ಉಂಗುರ ತೊಡಿಸಿದ ಹಾಗೇ ಕಾಣುತ್ತಿತ್ತು.

ಪಟ್ಟಿ ಇರುವ ಈ ಡಬ್ಬಿಗಳ ಹೆಸರು ತೆಫಿಲಿನ್. ನನಗೆ ಥಟ್ಟನೆ ಹೊಳೆದದ್ದು ತಾಯಿತ. ನಮ್ಮ ಕಡೆ ರಟ್ಟೆಗೆ ಕಟ್ಟುವುದು ಅದನ್ನೇ ಅಲ್ವಾ? ಗ್ರೀಕ್ ಭಾಷೆಯಲ್ಲೂ ಇದಕ್ಕೆ ಸಿಕ್ಕ ಹೆಸರಿನ ಅರ್ಥ ರಕ್ಷೆ ಅಂತಲೇ. ಇಂಗ್ಲಿಷಿನ ‘ಫಿಲ್ಯಾಕ್ಟರಿ’ ಬಂದದ್ದು ಅಲ್ಲಿಂದ. ಹೀಬ್ರೂವಿನಲ್ಲಿ ಮಾತ್ರ ಇದರ ಹೆಸರಿಗೆ ಹತ್ತಿರದ ಪದ ‘ತೆಫಿಲ್ಲಾ’, ಪ್ರಾರ್ಥನೆ. ಅಜ್ಜನ ಹತ್ತಿರ ತಾಯಿತದ ವಿಷಯ ಎತ್ತಿದೆ. “ಇದು ನಮ್ಮನ್ನು ಕಾಯಲಿ ಅಂತ ಕಟ್ಟಿಕೊಳ್ಳುವುದಲ್ಲಪ್ಪ, ನಾವು ಮರೆಯದಿರಲಿ ಅಂತ” ಅಂದರು.

ಡಬ್ಬಿಯೊಳಗೆ ಇರುವುದು ಯಹೂದಿಗಳ ಧರ್ಮಗ್ರಂಥ ತೋರಾದ ನಾಲ್ಕು ಭಾಗಗಳು. ವಿಮೋಚನಕಾಂಡದ 13ನೇ ಅಧ್ಯಾಯದಿಂದ ಎರಡು, ಧರ್ಮೋಪದೇಶಕಾಂಡದ 6 ಮತ್ತು 11ನೇ ಅಧ್ಯಾಯಗಳಿಂದ ಒಂದೊಂದು. ಕೈಗೆ ಗುರುತಾಗಿ ಕಟ್ಟಿಕೋ, ಕಣ್ಣುಗಳ ನಡುವೆ ಇಟ್ಟುಕೋ ಎನ್ನುವ ಮಾತು ನಾಲ್ಕರಲ್ಲೂ ಬರುತ್ತದೆ. ಕೈಯ ಡಬ್ಬಿಯಲ್ಲಿ ನಾಲ್ಕೂ ಒಂದೇ ಚರ್ಮದ ಹಾಳೆಯ ಮೇಲೆ. ತಲೆಯದರಲ್ಲಿ ನಾಲ್ಕು ಗೂಡು, ನಾಲ್ಕು ಹಾಳೆ. ಬರೆಯುವವರು ಸೋಫೆರ್ ಎನ್ನುವ ಲಿಪಿಕಾರರು. ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಸಾಲಾಗಿಯೇ ಬರೆಯಬೇಕು. ಒಂದಕ್ಷರ ಬಿಟ್ಟುಹೋಗಿ, ಮುಂದೆ ಬರೆದಾಗಿದ್ದರೆ, ಹಿಂದಕ್ಕೆ ಬಂದು ಸೇರಿಸುವ ಹಾಗಿಲ್ಲ. ಅಷ್ಟು ಹೊತ್ತಿನ ಕೆಲಸ ಹೋದಂತೆಯೇ. ಹೊರಗೆ ಯಾರಿಗೂ ಕಾಣದ ಅಕ್ಷರಕ್ಕೆ ಇಷ್ಟು ಶ್ರದ್ಧೆ! ಕೇಳಿ ನನಗೆ ಮೈ ಜುಮ್ಮೆಂದಿತು.

ಕಟ್ಟಿಕೋ ಎನ್ನುವ ಆ ಮಾತನ್ನು ಎಲ್ಲರೂ ಅಕ್ಷರಶಃ ತಗೊಳ್ಳಲಿಲ್ಲ. ತೋರಾವನ್ನು ನಂಬುವ ಇನ್ನೊಂದು ಸಮುದಾಯವಾದ ಸಮಾರ್ಯದವರು, ಕರಾಯಿಟ್ ಎನ್ನುವ ಪಂಗಡದ ಯಹೂದಿಗಳು ‘ಸದಾ ನೆನಪಿಡು’ ಅಂತಷ್ಟೇ ಅರ್ಥ ಮಾಡಿಕೊಂಡರು. ಆದರೂ ಪದ್ಧತಿ ಬಹಳ ಹಳೆಯದು. ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಸುಮಾರು 2,000 ವರ್ಷ ಹಿಂದಿನ ತೆಫಿಲಿನ್‌ಗಳು ಸಿಕ್ಕಿವೆ, ಬಲು ಚಿಕ್ಕವು. ಕೆಲವುದರಲ್ಲಿ ಹತ್ತು ಆಜ್ಞೆಗಳೂ ಇವೆ. ಒಳಗಿನ ಭಾಗಗಳ ಕ್ರಮದ ಬಗ್ಗೆ ರಾಶಿ ಎನ್ನುವ ಫ್ರಾನ್ಸಿನ ಪಂಡಿತರು ಹೇಳಿದ್ದನ್ನು 12ನೇ ಶತಮಾನದಲ್ಲಿ ಅವರ ಸ್ವಂತ ಮೊಮ್ಮಗ ರಬ್ಬೇನು ತಾಮ್ ಒಪ್ಪಲಿಲ್ಲ. ಇವತ್ತಿಗೂ ಕೆಲವು ಭಕ್ತರು ಅಜ್ಜನ ಕ್ರಮದ್ದೊಂದು, ಮೊಮ್ಮಗನ ಕ್ರಮದ್ದೊಂದು, ಎರಡೂ ಜೊತೆ ಕಟ್ಟಿಕೊಳ್ಳುತ್ತಾರೆ. ಇಬ್ಬರನ್ನೂ ಬಿಟ್ಟುಕೊಡದ ಈ ರೀತಿ ನನಗೆ ತುಂಬಾ ಹಿಡಿಸಿತು.

ಸುದ್ದಿಪತ್ರದಲ್ಲಿ ಇದನ್ನು ಬರೆಯಲು ಕಾರಣವಿದೆ. 2010ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟ ವಿಮಾನವೊಂದರಲ್ಲಿ 17ರ ಹುಡುಗನೊಬ್ಬ ತೆಫಿಲಿನ್ ಕಟ್ಟಿಕೊಂಡ. ಅದೇನೆಂದು ಗೊತ್ತಾಗದೆ ಸಿಬ್ಬಂದಿ ಹೆದರಿದರು, ವಿಮಾನವನ್ನು ಫಿಲಡೆಲ್ಫಿಯಾದಲ್ಲಿ ಇಳಿಸಿದರು. ನಮ್ಮ ಮಕ್ಕಳು ಇಂಥ ಹುಡುಗರ ಜೊತೆಗೇ ಶಾಲೆಗೆ ಹೋಗುತ್ತಾರೆ. ಪಕ್ಕದ ಮನೆಯವರು ಬೆಳಿಗ್ಗೆ ಏನು ಮಾಡುತ್ತಾರೆ ಅನ್ನುವುದು ನಮಗೆ ಗೊತ್ತಿರಬೇಕು.

ಶಬ್ಬಾತ್, ಅಂದರೆ ಶನಿವಾರದ ವಿಶ್ರಾಂತಿಯ ದಿನ, ತೆಫಿಲಿನ್ ಕಟ್ಟುವುದಿಲ್ಲ, ಆ ದಿನವೇ ಒಂದು ಗುರುತು. ಅದಕ್ಕೇ ಗುರುವಾರ ಕರೆದದ್ದು. ಡಬ್ಬಿಯೊಳಗಿನ ಒಂದು ವಚನವನ್ನು ಅಜ್ಜ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ನಾಳೆ ನಿನ್ನ ಮಗ ‘ಇದೇನು?’ ಅಂತ ಕೇಳಿದರೆ, ಈಜಿಪ್ಟಿನ ದಾಸ್ಯದಿಂದ ದೇವರು ನಮ್ಮನ್ನು ಬಿಡಿಸಿ ತಂದ ಅಂತ ಹೇಳು.

ತಿಂಡಿಗೆ ಕೂತಾಗ ಹುಡುಗನ ಕೈಮೇಲೆ ಪಟ್ಟಿ ಒತ್ತಿದ ಕೆಂಪು ಗೆರೆಗಳು ಇನ್ನೂ ಮಾಸಿರಲಿಲ್ಲ. ಎದುರಿಗೆ ಕೂತಿದ್ದ ನನ್ನ ಮಗಳು ಬೆರಳು ಮಾಡಿ, “ಇದೇನು?” ಅಂದಳು. ಅವನು ಕೈಲಿದ್ದ ಬೇಗಲ್ ತಟ್ಟೆಗಿಟ್ಟು ಹೇಳಲು ಶುರುಮಾಡಿದ.