7 ಕೆಜಿ, 80 ದಿನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಾರತ್ತಹಳ್ಳಿ ಬಸ್ಸಿನಲ್ಲಿ ನಿಂತುಕೊಂಡೇ 'ಆಯ್ತಪ್ಪ, ಆಯ್ತು' ಅನ್ನುತ್ತೀಯ. ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಅಂಗಡಿ ಬಾಗಿಲು ಎಳೆದು, ಕಟಿಂಗ್ ಟೇಬಲ್ ಮೇಲೆ ಕಾಗದ ಹರವಿಕೊಂಡು ಬರೆಯುತ್ತಿದ್ದೇನೆ.

ಹೋದ ಭಾನುವಾರ ನೀನು ಬಂದಾಗ ಮಂಚದ ಮೇಲೆ ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟಿದ್ದೆವಲ್ಲ, ನೀನು ಹೋದ ಮೇಲೆ ಎರಡನ್ನೂ ಮತ್ತೆ ಅಟ್ಟಕ್ಕೆ ಹಾಕಿದೆ. ನಿನ್ನ ಯುರೋಪ್ ಪ್ರವಾಸ ಅಂದರೆ ಲಿಸ್ಬನ್‌ನಲ್ಲಿ ಇಳಿದು, ಸ್ಪೇನ್, ಇಟಲಿ, ವಿಯೆನ್ನಾ ನೋಡಿಕೊಂಡು ಕೊನೆಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಅಕ್ಕನ ಮನೆ. ಒಟ್ಟು 80 ದಿನ. ಬಹುಪಾಲು ರೈಲು, ಬಸ್ಸು. ಒಬ್ಬಳೇ. ಇಷ್ಟಕ್ಕೂ ಒಂದೇ ಬ್ಯಾಗು ತಗೊಂಡು ಹೋಗು ಪುಟ್ಟಿ. ವಿಮಾನದೊಳಗೆ ನಿನ್ನ ಜೊತೆಗೇ ಬರುವ ಬ್ಯಾಗು. ನಿನ್ನ ಟಿಕೆಟ್ಟಿನಲ್ಲಿ ಅದಕ್ಕೆ 7 ಕೆಜಿ ಅಂತ ಇದೆ. ಸಾಕಾಗುತ್ತದೆ. ತೂಕ ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅಂತ ನಿನಗೆ ಪೂರ್ತಿ ಗೊತ್ತಿಲ್ಲ. 2017ರಲ್ಲಿ ಅಕ್ಕನ ಬಾಣಂತನಕ್ಕೆ ಹೋದಾಗ ನೀನು ಹಾಸ್ಟೆಲ್‌ನಲ್ಲಿದ್ದೆ. ನಾನು, ಅಮ್ಮ ಇಬ್ಬರಿಗೂ ಸೇರಿ ನಾಲ್ಕು ಸೂಟ್‌ಕೇಸ್. ಬಾಣಂತಿ ಖಾರ, ಅಂಟಿನುಂಡೆ, ಮಗುವನ್ನು ಸುತ್ತಲು ಹಳೇ ಕಾಟನ್ ಸೀರೆ, ಇನ್ನೂ ಏನೇನೋ. ನಡುವೆ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ಬೆಲ್ಟಿನ ಮುಂದೆ ನಿಂತೆವು. ಎರಡು ಬಂದವು. ಇನ್ನೆರಡು ಬರಲಿಲ್ಲ. ನಮ್ಮ ಜೊತೆ ಬಂದವರೆಲ್ಲ ಹೋದರು. ಬೆಲ್ಟು ಸುಮ್ನೆ ಖಾಲಿ ತಿರುಗುತ್ತಿತ್ತು. ಆಮೇಲೆ ಅದೂ ನಿಂತಿತು.

ಆಗ ಅಮ್ಮ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು, 'ನನ್ನ ಬಿಪಿ ಮಾತ್ರೆ ಅದರಲ್ಲೇ ಇದೆ ರೀ.' ನನ್ನ ಜೀವ ಬಾಯಿಗೆ ಬಂತು.

ಕೌಂಟರಿನಲ್ಲಿ ಒಂದು ಫಾರಂ ಬರೆಸಿಕೊಂಡರು, ಒಂದು ನಂಬರ್ ಕೊಟ್ಟರು. ಮಾತ್ರೆ ವಿಷಯ ಅವರಿಗೆ ಸೇರಿದ್ದಲ್ಲ ಅನ್ನುವ ಹಾಗೆ ಮುಖ ತಿರುಗಿಸಿಕೊಂಡರು. ಮೆಡಿಕಲ್ ಸ್ಟೋರಿಗೆ ಹೋದರೆ ಅಲ್ಲಿಯ ಡಾಕ್ಟರ್ ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರು. ನಮ್ಮ ಹನುಮಂತನಗರದ ಅಂಗಡಿಯ ಹಾಗೆ ಹಳೇ ಸ್ಟ್ರಿಪ್ ತೋರಿಸಿ ತಗೊಂಡು ಬರುವ ಮಾತೇ ಇಲ್ಲ. ತೋರಿಸಲು ಸ್ಟ್ರಿಪ್ಪೂ ಇರಲಿಲ್ಲ. ತುಂಬಿದ ಬಸುರಿ ನಿಮ್ಮಕ್ಕ ಫೋನ್ ಮೇಲೆ ಫೋನ್ ಮಾಡಿ ಡಾಕ್ಟರನ್ನು ಹಿಡಿದಳು. ಅಷ್ಟರಲ್ಲಿ ಅಮ್ಮ ಎರಡು ದಿನ ಮಾತ್ರೆ ಇಲ್ಲದೆ ಕಳೆದಿದ್ದಳು. ಸೂಟ್‌ಕೇಸ್ ಬಂದದ್ದು ಐದನೇ ದಿನ. ಕಳೆದೇ ಹೋಗಿದ್ದರೂ 21 ದಿನ ಕಾಯಬೇಕಿತ್ತಂತೆ. ಅಲ್ಲಿವರೆಗೂ ಕಳೆದಿದೆ ಅಂತ ಅವರು ಒಪ್ಪಬೇಕಾಗಿಲ್ಲ.

ಇದು ನಮಗೊಬ್ಬರಿಗೇ ಆದದ್ದಲ್ಲ. 2024ರಲ್ಲಿ ಪ್ರಪಂಚದಾದ್ಯಂತ ಸಾವಿರ ಪ್ರಯಾಣಿಕರಿಗೆ 6.3ರಂತೆ ಬ್ಯಾಗುಗಳು ತಡವಾದವು, ಹಾಳಾದವು ಇಲ್ಲ ಕಳೆದವು ಅಂತ ವಿಮಾನಯಾನಕ್ಕೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸೀಟಾ (SITA) ಕಂಪನಿಯ ವರದಿ ಇದೆ. ಅದರಲ್ಲಿ ನೂರಕ್ಕೆ ಸುಮಾರು 40 ಭಾಗ ವಿಮಾನ ಬದಲಿಸುವಾಗಲೇ ತಪ್ಪಿದ್ದು. ನೀನೂ ಒಂದು ಕಡೆ ಬದಲಿಸಬೇಕು. ಮೇಲಾಗಿ ನೀನು ಒಂದು ಊರಲ್ಲಿ ಮೂರು ದಿನ ಇರುವವಳು. ನಿನ್ನ ಹಿಂದೆ ಹಿಂದೆ ಬ್ಯಾಗು ಎಲ್ಲಿಗೆ ಅಂತ ಬರಬೇಕು?

ಆ ಐದು ದಿನದಲ್ಲಿ ಇನ್ನೊಂದೂ ನೋಡಿದೆ. ನನಗೆ ಇದ್ದದ್ದು ಮೈಮೇಲಿನ ಪ್ಯಾಂಟು, ಶರ್ಟು, ನಿಮ್ಮ ಭಾವ ಕೊಟ್ಟ ಒಂದು ಟೀಶರ್ಟು. ರಾತ್ರಿ ಒಗೆಯುತ್ತಿದ್ದೆ, ಬೆಳಿಗ್ಗೆ ಹಾಕಿಕೊಳ್ಳುತ್ತಿದ್ದೆ. 30 ವರ್ಷ ಬಟ್ಟೆ ಹೊಲಿದವನು ನಾನು. ಒಬ್ಬ ಮನುಷ್ಯನಿಗೆ ದಿನಕ್ಕೆ ನಿಜವಾಗಿ ಎಷ್ಟು ಬಟ್ಟೆ ಬೇಕು ಅಂತ ಆವತ್ತೇ ಮೊದಲು ಯೋಚನೆ ಮಾಡಿದ್ದು. ಸೂಟ್‌ಕೇಸ್ ಬಂದ ಮೇಲೆ ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಬಟ್ಟೆ 'ಇರ್ಲಿ' ಅಂತ ಹಾಕಿಕೊಂಡದ್ದು. ಮದುವೆ ಗಿದುವೆಗೆ ಯಾರಾದರೂ ಕರೆದರೆ, ಇರ್ಲಿ. ಮಳೆ ಬಂದರೆ, ಇರ್ಲಿ. ಒಂದಕ್ಕೆ ಇನ್ನೊಂದು, ಇರ್ಲಿ. ಮಡಿಕೆ ಬಿಚ್ಚದೆ ವಾಪಸ್ ಬಂದವು.

ನೀನು ಬ್ಯಾಗು ತುಂಬುವಾಗ ಬಾಯಲ್ಲಿ 'ಇರ್ಲಿ' ಅಂತ ಬಂತೋ, ಆ ವಸ್ತುವನ್ನು ಪಕ್ಕಕ್ಕಿಡು.

ಈಗ ಬಟ್ಟೆ ವಿಷಯ. ಇದರಲ್ಲಿ ನನ್ನ ಮಾತು ಕೇಳು. ಹೋದ ವಾರ ರಾತ್ರಿ 8 ಗಂಟೆಗೆ ಮೂರು ಬಟ್ಟೆ ನೆನೆಸಿ, ಹಿಂಡಿ, ಅಂಗಡಿ ಹಿಂದಿನ ಹಗ್ಗಕ್ಕೆ ಹಾಕಿದೆ. ನೀನು ಬಿಟ್ಟುಹೋದ ಜೀನ್ಸು, ಒಂದು ಕಾಟನ್ ಕುರ್ತಾ, ಚಿಕ್ಕಪೇಟೆಯಿಂದ ತಂದ ನೈಲಾನ್ ಬಟ್ಟೆಯ ಒಂದು ತುಂಡು. ಬೆಳಿಗ್ಗೆ 6ಕ್ಕೆ ಹೋಗಿ ಮುಟ್ಟಿ ನೋಡಿದೆ. ನೈಲಾನ್ ಗರಿಗರಿ ಒಣಗಿತ್ತು. ಕುರ್ತಾ ಮೈಯೆಲ್ಲ ಒಣಗಿತ್ತು, ಕಂಕುಳ ಹೊಲಿಗೆಯಲ್ಲಿ ತಣ್ಣಗಿತ್ತು. ಜೀನ್ಸಿನ ಸೊಂಟಪಟ್ಟಿ ಮಾರನೇ ದಿನ ಮಧ್ಯಾಹ್ನಕ್ಕೂ ಒದ್ದೆ. ಬಟ್ಟೆ ಒಣಗದೆ ಉಳಿಯುವುದು ಯಾವಾಗಲೂ ಎರಡು ಮೂರು ಪದರ ಸೇರುವ ಜಾಗದಲ್ಲಿ: ಸೊಂಟ, ಜೇಬು, ಕಾಲರು, ಕೆಳಗಿನ ಮಡಿಕೆ. ಹತ್ತಿಯ ನೂಲು ನೀರನ್ನು ಒಳಗೇ ಕುಡಿಯುತ್ತದೆ. ನೈಲಾನ್, ಪಾಲಿಯೆಸ್ಟರ್ ನೂಲಿನಲ್ಲಿ ನೀರು ಬಹುಪಾಲು ಮೇಲೆ ಮೇಲೆ ನಿಲ್ಲುತ್ತದೆ, ಅಷ್ಟೇ. ಆ ಜೀನ್ಸಿನ ತೂಕ ಒಣಗಿದ್ದಾಗಲೇ 720 ಗ್ರಾಂ. ಅದು ಬೇಡವೇ ಬೇಡ.

ಅದಕ್ಕೇ ಎರಡು ಪ್ಯಾಂಟು ಹೊಲಿದಿದ್ದೇನೆ. ಒಂದು ಕಪ್ಪು, ಒಂದು ಕಡು ನೀಲಿ. ಸೊಂಟಕ್ಕೆ ಒಂದೇ ಪದರ, ಒಳಗೆ ತೆಳು ಪಟ್ಟಿ. ಬಲಗಡೆ ಒಳಜೇಬು ಇಟ್ಟು ಜಿಪ್ ಹಾಕಿದ್ದೇನೆ. ಪಾಸ್‌ಪೋರ್ಟ್ 12.5 ಸೆಂಟಿಮೀಟರ್ ಉದ್ದ, 8.8 ಅಗಲ. ಅದು ಸಲೀಸಾಗಿ ಹೋಗಿ, ಕೂತಾಗ ಚುಚ್ಚದ ಹಾಗೆ ಜೇಬನ್ನು ಸ್ವಲ್ಪ ಓರೆ ಮಾಡಿದ್ದೇನೆ. ರೈಲಿನಲ್ಲಿ ನಿದ್ದೆ ಬಂದರೂ ಅದು ನಿನ್ನ ಮೈಗೇ ಅಂಟಿಕೊಂಡಿರುತ್ತದೆ.

ಮೇಲಕ್ಕೆ ನಾಲ್ಕು ಟಾಪು ಸಾಕು, ನಾಲ್ಕೂ ಎರಡೂ ಪ್ಯಾಂಟಿಗೆ ಹೊಂದಬೇಕು. ಅದರಲ್ಲಿ ಒಂದಾದರೂ ಮೆರಿನೋ ಉಣ್ಣೆಯದ್ದು ತಗೋ. ಬೆಲೆ ಜಾಸ್ತಿ, ಗೊತ್ತು. ದುಡ್ಡು ನಾನು ಕೊಡುತ್ತೇನೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಹಿಡಿದುಕೊಳ್ಳುತ್ತದೆ. ಉಣ್ಣೆಯನ್ನು ಎರಡು ಮೂರು ದಿನ ಹಾಕಿದರೂ ವಾಸನೆ ಬರುವುದಿಲ್ಲ. ಟರ್ಕಿ ಟವೆಲ್ ಬಿಡು, ತಾತನ ಹಾಗೆ ತೆಳ್ಳನೆಯ ಚೌಕ ತಗೋ. 120 ಗ್ರಾಂ. ಬಟ್ಟೆ ಒಗೆದ ಮೇಲೆ ಚೌಕದೊಳಗೆ ಇಟ್ಟು ಸುರುಳಿ ಸುತ್ತಿ, ಮೇಲೆ ಮಂಡಿಯೂರಿ ಒತ್ತು. ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ಹರವಿದರೆ ನವೆಂಬರ್ ಚಳಿಯಲ್ಲೂ ರೂಮಿನೊಳಗೇ ಒಣಗುತ್ತದೆ. ಅಮ್ಮನ ದೊಡ್ಡ ಕಂದು ದುಪಟ್ಟಾ ಒಂದು ಇರಬೇಕು. ಚಳಿಯಲ್ಲಿ ಕುತ್ತಿಗೆಗೆ, ರೈಲಿನಲ್ಲಿ ಹೊದೆಯೋಕೆ, ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿಗೆ ಹೋದಾಗ ಭುಜಕ್ಕೆ. ಅಲ್ಲಿ ಭುಜ, ಮಂಡಿ ಮುಚ್ಚಿರಬೇಕು.

ಸೂಜಿ ಕತ್ತರಿ ಯಾವುದೂ ಬೇಡ. ನಿನ್ನ ಎಲ್ಲ ಗುಂಡಿಗಳನ್ನೂ ನಾನು ಇನ್ನೊಂದು ಸಲ ಗಟ್ಟಿಯಾಗಿ ಹೊಲಿದಿದ್ದೇನೆ.

ಎಲ್ಲ ಸೇರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು ಬರೆದುಕೊಂಡೆ. ಬರೀ ಬ್ಯಾಗು 1 ಕೆಜಿ 150 ಗ್ರಾಂ. ಚಕ್ರದ ಗಟ್ಟಿ ಪೆಟ್ಟಿಗೆಯಾದರೆ ಅದೇ ಎರಡೂವರೆ ಮೂರು ಕೆಜಿ ತಿನ್ನುತ್ತಿತ್ತು. ಬಟ್ಟೆಗಳೆಲ್ಲ ಸೇರಿ 2 ಕೆಜಿ 900. ಚಪ್ಪಲಿ, ಸೋಪು ಶಾಂಪೂ, ಮಾತ್ರೆ, ಕಾಗದಪತ್ರ, ಚಾರ್ಜರ್, ಪವರ್ ಬ್ಯಾಂಕ್, ಚಟ್ನಿಪುಡಿ ಇವೆಲ್ಲ 2 ಕೆಜಿ 100. ಒಟ್ಟು 6 ಕೆಜಿ 150 ಗ್ರಾಂ. ಶೂ ಮತ್ತು ದಪ್ಪ ಜಾಕೆಟ್ ಮೈಮೇಲೇ ಇರಲಿ. ಉಳಿದ 850 ಗ್ರಾಂ ಜಾಗ ಹಾಗೇ ಖಾಲಿ ಬಿಡು. ಲಿಸ್ಬನ್ನೋ ವಿಯೆನ್ನಾನೋ, ಏನಾದರೂ ಕಣ್ಣಿಗೆ ಬೀಳುತ್ತೆ ಅಲ್ವಾ?

ಕೈಬ್ಯಾಗಿನಲ್ಲಿ ಶಾಂಪೂವಿನಂಥ ದ್ರವ 100 ಮಿಲಿ ಮೀರಬಾರದು ಅನ್ನುವ ನಿಯಮ ನಿನಗೆ ಗೊತ್ತು. ಲೆಕ್ಕ ಬಾಟಲಿಯ ಅಳತೆಗೆ. 200 ಮಿಲಿ ಬಾಟಲಿಯಲ್ಲಿ ಕಾಲು ಭಾಗ ಉಳಿದಿದ್ದರೂ ದೇವನಹಳ್ಳಿ ಏರ್‌ಪೋರ್ಟಿನಲ್ಲೇ ತೆಗೆದಿಡುತ್ತಾರೆ. ಶಾಂಪೂ ಬದಲು ಸೋಪಿನ ಹಾಗೆ ಗಟ್ಟಿ ಬಿಲ್ಲೆ ಸಿಗುತ್ತದೆ, ಅದನ್ನೇ ತಗೋ. ಪವರ್ ಬ್ಯಾಂಕ್ ಹೇಗೂ ಕೈಬ್ಯಾಗಿನಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಬಿಡುವುದಿಲ್ಲ. ನಮ್ಮ ಎರಡು ಕಡ್ಡಿಯ ಫೋನ್ ಚಾರ್ಜರ್ ನೀನು ಹೋಗುವ ಊರುಗಳಲ್ಲಿ ಹಾಗೇ ಕೂರುತ್ತದೆ. ಅಡಾಪ್ಟರ್ ಗೊಂಚಲು ಬೇಡ.

ಅಮ್ಮನ ಡಬ್ಬಿಗಳ ಬಗ್ಗೆ ನನಗೆ ಹೇಳಲು ಕಷ್ಟ, ನೀನೇ ಮೆಲ್ಲಗೆ ಹೇಳು. ತುಪ್ಪ, ಉಪ್ಪಿನಕಾಯಿ ಎರಡೂ ತಪಾಸಣೆಯಲ್ಲಿ ದ್ರವದ ಲೆಕ್ಕ. ತುಪ್ಪಕ್ಕೆ ಇನ್ನೊಂದು ತೊಂದರೆ ಇದೆ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಹಸಿ ಕರಿಬೇವಿನ ಸೊಪ್ಪಿಗೂ ಸರ್ಟಿಫಿಕೇಟ್ ಬೇಕು. ಕೊಬ್ಬರಿ ಗಿಟಕು ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುವ ವಸ್ತು ಅಂತ ವಿಮಾನಕ್ಕೇ ಬಿಡುವುದಿಲ್ಲ. ಹುರಿಗಡಲೆ ಚಟ್ನಿಪುಡಿಯನ್ನು ಕೊಬ್ಬರಿ ಹಾಕದೆ ಮಾಡು ಅಂದಿದ್ದೇನೆ, ಎರಡು ತಿಂಗಳಾದರೂ ಕಮಟುವುದಿಲ್ಲ. 300 ಗ್ರಾಂ ಹಿಡಿಯುತ್ತದೆ. ಅದನ್ನು ಮಾತ್ರ ಬೇಡ ಅನ್ನಬೇಡ. ನಾನು ಸೂಟ್‌ಕೇಸ್ ಬೇಡ ಅಂದಾಗ ಅವಳಿಗೆ ನೋವಾದದ್ದು ಅವಳು ಕೊಡುವುದಕ್ಕೆ ಜಾಗವೇ ಇಲ್ಲವಲ್ಲ ಅಂತ. ಅವಳ ಎದುರಿಗೇ ಆ ಪೊಟ್ಟಣವನ್ನು ಬ್ಯಾಗಿಗೆ ಇಡು.

ಥೈರಾಯ್ಡ್ ಮಾತ್ರೆ 80 ದಿನದ್ದು, ಮೇಲೆ ಹದಿನೈದು. ಡಬ್ಬಿಗೆ ಸುರಿಯಬೇಡ, ಸ್ಟ್ರಿಪ್ಪಿನಲ್ಲೇ ಇರಲಿ. ಡಾಕ್ಟರ್ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಬರೆಸು. ಅಲ್ಲಿಯ ಡಾಕ್ಟರಿಗೆ ನಮ್ಮ ಕಂಪನಿ ಹೆಸರು ಗೊತ್ತಿರುವುದಿಲ್ಲ. ಬ್ಯಾಗಿನಲ್ಲಿ ಏನೇ ಬಿಟ್ಟರೂ ಇದನ್ನು ಬಿಡಬೇಡ ಪುಟ್ಟಿ. ಕೈಮುಗಿದು ಕೇಳುತ್ತೇನೆ.

ಸ್ಪೇನಿನಿಂದ ರೋಮ್‌ಗೆ ನೀನು ನೋಡಿದ್ದು ರಯಾನ್‌ಏರ್ ಕಂಪನಿಯ ವಿಮಾನ ತಾನೆ? ಅದರಲ್ಲಿ ಉಚಿತವಾಗಿ ಬಿಡುವುದು ಸೀಟಿನ ಕೆಳಗೆ ಹೋಗುವ 40, 30, 20 ಸೆಂಟಿಮೀಟರಿನ ಬ್ಯಾಗು ಮಾತ್ರ. ನಿನ್ನದು ಅದಕ್ಕಿಂತ ದೊಡ್ಡದು. ಆ ಒಂದು ಪ್ರಯಾಣಕ್ಕೆ ಟಿಕೆಟ್ ಜೊತೆಗೇ ದುಡ್ಡು ಕಟ್ಟಿಬಿಡು, ಗೇಟಿನಲ್ಲಿ ಜಾಸ್ತಿ ಬೀಳುತ್ತದೆ.

ಅಕ್ಕ ಹೇಳುತ್ತಿದ್ದಳು, ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆ ಇವೆಯಂತೆ. ಬಹಳಷ್ಟಕ್ಕೆ ಮೆಟ್ಟಿಲು. ಲಿಸ್ಬನ್ ಎಲ್ಲ ದಿಬ್ಬ, ಫುಟ್‌ಪಾತಿಗೆ ಸಣ್ಣ ಸಣ್ಣ ಕಲ್ಲು ಕೂರಿಸಿರುತ್ತಾರೆ. ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೋಗುವವರು ಪ್ರತಿ ಮೆಟ್ಟಿಲಿಗೂ ನಿಂತು ಎತ್ತುತ್ತಾರಂತೆ. ರಾತ್ರಿ ಹೊತ್ತು ಗೊತ್ತಿಲ್ಲದ ಊರಿನ ಸ್ಟೇಷನ್ನಿನಲ್ಲಿ ನನ್ನ ಮಗಳು ಹಾಗೆ ಎರಡು ಕೈಯಲ್ಲೂ ಸಾಮಾನು ಹಿಡಿದು ನಿಂತಿರುವುದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ನಿನ್ನ ಎರಡು ಕೈಯೂ ಖಾಲಿ ಇರಬೇಕು. ಒಂದರಲ್ಲಿ ಫೋನು, ಇನ್ನೊಂದು ಕಂಬಿ ಹಿಡಿಯೋಕೆ. ಯಾರಾದರೂ ಸರಿ ಇಲ್ಲ ಅನ್ನಿಸಿದರೆ ತಟ್ಟನೆ ಎದ್ದು ರೈಲಿನ ಬೇರೆ ಡಬ್ಬಿಗೆ ಹೋಗುವ ಹಾಗಿರಬೇಕು.

ನಿನ್ನೆ ಬೆಳಿಗ್ಗೆ ಆ 6 ಕೆಜಿ 150 ಗ್ರಾಂ ತುಂಬಿದ ಬ್ಯಾಗನ್ನು ಹಾಕಿಕೊಂಡು ರಾಮಾಂಜನೇಯ ಗುಡ್ಡ ಹತ್ತಿದೆ. ಮೇಲೆ ಹೋಗಿ ದೇವರಿಗೆ ಕೈಮುಗಿದು, ಕಟ್ಟೆ ಮೇಲೆ ಕೂತೆ. ನನಗೆ 61. ಎಲ್ಲೂ ನಿಲ್ಲದೆ ಹತ್ತಿದೆ. ಎಡಭುಜದ ಪಟ್ಟಿ ಮಾತ್ರ ಸ್ವಲ್ಪ ಕೊರೆಯಿತು. ಇಳಿದು ಬಂದು ಅದಕ್ಕೆ ಒಳಗಡೆ ಒಂದು ಪದರ ಫೋಮ್ ಕೂರಿಸಿದೆ.

ಹೊರಡುವ ದಿನ ಕಾರು ಗೀರು ಬೇಡ. ಬನಶಂಕರಿಯಿಂದ ಕೆಐಎ-5 ಬಸ್ಸಿನಲ್ಲಿ ಮೂವರೂ ಹೋಗೋಣ. ಬ್ಯಾಗನ್ನು ನೀನು ತೊಡೆ ಮೇಲೇ ಇಟ್ಟುಕೊಳ್ಳಬಹುದು.

ಈ ಭಾನುವಾರ ತಪ್ಪದೆ ಬಾ. ಕಡು ನೀಲಿ ಪ್ಯಾಂಟಿನ ಉದ್ದ ಅರ್ಧ ಇಂಚು ಜಾಸ್ತಿ ಆಗಿದೆ ಅನ್ನಿಸುತ್ತಿದೆ. ನೀನು ಹಾಕಿಕೊಂಡು ನಿಲ್ಲದೆ ನಾನು ಕೆಳಗಿನ ಮಡಿಕೆ ಹೊಲಿಯುವುದಿಲ್ಲ. ಶೂ ಹಾಕಿಕೊಂಡೇ ಬಾ.

ನಿನ್ನ ಅಪ್ಪ
ಹನುಮಂತನಗರ, ಬೆಂಗಳೂರು