ಗೆಳೆಯನಿಗೊಂದು ಪತ್ರ: ಸರದಾರ ಹೇಗೆ ಸಠಧಾಠನಾದ

ಪ್ರಿಯ ಗೆಳೆಯಾ,

ನೀನು ಕಳುಹಿಸಿದ ಗ್ರಾಫಿಟಿ, ಅಂದರೆ ಗೋಡೆಬರಹದ ಶೈಲಿಯ ಅಕ್ಷರಚಿತ್ರ ತಲುಪಿತು. ನೋಡಿದ ಕೂಡಲೇ ನಗು ಬಂತು, ಬೇಸರ ಮಾಡಿಕೊಳ್ಳಬೇಡ. ‘ಸರದಾರ’ ಎಂದು ಬರೆಯಲು ಹೊರಟವನು ಎರಡೂ ರಕಾರಗಳ ಹೊಟ್ಟೆಯೊಳಗೆ ಹೊಳಪಿನ ಚುಕ್ಕೆ ಇಟ್ಟಿದ್ದೀಯೆ. ದಕಾರದ ಬುಡದಲ್ಲಿ ಗೋಡೆ ಬಿರಿದಂತೆ ಒಂದು ಸೀಳು ಬೇರೆ. ಹೊಟ್ಟೆಯಲ್ಲಿ ಚುಕ್ಕೆ ಬಂದರೆ ರ ಹೋಗಿ ಠ ಆಗುತ್ತದೆ, ಬುಡ ಸೀಳಿದರೆ ದ ಹೋಗಿ ಧ ಆಗುತ್ತದೆ. ಈಗ ಓದಿ ನೋಡು: ‘ಸಠಧಾಠ’. ಯಾವುದೋ ಬೀಜಮಂತ್ರದಂತಿದೆ.

ಇಷ್ಟೆಲ್ಲ ಬಣ್ಣ, ಬಾಣ, ನಕ್ಷತ್ರ, ಸೋರುವ ಹನಿ ಹಾಕಿದರೂ ಗ್ರಾಫಿಟಿಯ ಹಾಗೆ ಕಾಣುತ್ತಿಲ್ಲ, ಏಕೆ ಎಂದು ಕೇಳಿದ್ದೀಯೆ. ಅವನ್ನೆಲ್ಲ ಮೊದಲೇ ಹಾಕಿದ್ದರಿಂದ. ಅಕ್ಷರ ಇನ್ನೂ ಕಾಲೂರಿ ನಿಂತಿಲ್ಲ, ಆಗಲೇ ಒಡವೆ ತೊಡಿಸಿಬಿಟ್ಟೆ. ಈ ಕಲೆಯಲ್ಲಿ ಮುಕ್ಕಾಲು ಪಾಲು ಕೆಲಸ ಪೆನ್ಸಿಲ್ಲಿನಲ್ಲೇ ಮುಗಿಯುತ್ತದೆ. ಬಣ್ಣ ಬರುವ ಹೊತ್ತಿಗೆ ಗೆಲ್ಲುವುದೋ ಸೋಲುವುದೋ ಆಗಲೇ ತೀರ್ಮಾನವಾಗಿರುತ್ತದೆ.

ಇನ್ನೊಂದು ಮಾತಿಗೂ ನನ್ನ ತಕರಾರಿದೆ. ಇದು ಗೋಡೆಯ ಕಲೆ, ಕಾಗದದ ಮೇಲೆ ಮಾಡುವುದು ಬರೀ ಆಟ ಎಂದು ಬರೆದಿದ್ದೀಯಲ್ಲ, ಅದು ಸರಿಯಲ್ಲ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಊರೆಲ್ಲ ‘ಟಾಕಿ 183’ ಎಂದು ಬರೆದುಕೊಂಡು ತಿರುಗುತ್ತಿದ್ದ ಹುಡುಗನ ಬಗ್ಗೆ ವರದಿ ಮಾಡಿತು. 183 ಎಂಬುದು ಅವನಿದ್ದ ಬೀದಿಯ ಸಂಖ್ಯೆ. ಆಗ ಇದ್ದದ್ದು ಬರೀ ಸಹಿ, ಗ್ರಾಫಿಟಿ ಬರೆಯುವವರು ಟ್ಯಾಗ್ ಎನ್ನುವುದು ಅದನ್ನೇ. ಬರೆಯುವವರು ಹೆಚ್ಚಾದಂತೆ ಒಬ್ಬನ ಹೆಸರು ಇನ್ನೊಬ್ಬನ ಹೆಸರಿನಡಿ ಮುಚ್ಚಿಹೋಗತೊಡಗಿತು. ಎದ್ದು ಕಾಣಬೇಕೆಂದರೆ ಅಕ್ಷರ ದಪ್ಪವಾಗಬೇಕು, ಸುತ್ತ ಗೆರೆ ಬರಬೇಕು, ಒಳಗೆ ಬಣ್ಣ ಬೇಕು. 1970ರ ದಶಕದ ಆರಂಭದಲ್ಲಿ ‘ಫೇಸ್ 2’ ಎಂಬ ಹೆಸರಿನ ಕಲಾವಿದ ಉಬ್ಬಿದ ಗುಳ್ಳೆಯಂಥ ಅಕ್ಷರಗಳನ್ನು ತಂದ. ಇವತ್ತು ನೀನು ಅನುಕರಿಸುತ್ತಿರುವ ಬಬಲ್ ಶೈಲಿ ಅದೇ. ಅವಸರದಲ್ಲಿ ಒಂದೆರಡು ಬಣ್ಣದಲ್ಲಿ ಮುಗಿಸುವುದು ಥ್ರೋ-ಅಪ್, ನಿಧಾನವಾಗಿ ಹಲವು ಬಣ್ಣದಲ್ಲಿ ದೊಡ್ಡದಾಗಿ ಮಾಡುವುದು ಪೀಸ್. ರಾತ್ರಿ ಕದ್ದು ಬರೆಯಲೆಂದು ರೈಲು ಡಬ್ಬಿಯ ಮುಂದೆ ನಿಂತು ಅಕ್ಷರ ಹೇಗಿರಬೇಕೆಂದು ಯೋಚಿಸುವ ಪುರುಸೊತ್ತು ಯಾರಿಗಿತ್ತು? ಹಾಗಾಗಿ ಪೀಸ್‌ನ ನಕ್ಷೆ ಮೊದಲು ಪುಸ್ತಕದಲ್ಲಿ ಸಿದ್ಧವಾಗುತ್ತಿತ್ತು. ಗಟ್ಟಿ ರಟ್ಟಿನ ಆ ಪುಸ್ತಕಕ್ಕೆ ಬ್ಲ್ಯಾಕ್‌ಬುಕ್ ಎಂದು ಹೆಸರು. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬರೆದುಕೊಡುವ ರೂಢಿಯೂ ಇತ್ತು, ಈಗಲೂ ಇದೆ. ಕಾಗದವೇ ಇದರ ತಾಲೀಮುಖಾನೆ. ಮಾಲೀಕರ ಒಪ್ಪಿಗೆಯಿಲ್ಲದ ಗೋಡೆಯ ತಂಟೆಗೆ ಹೋಗದಿರಲು ಇದೊಂದು ಒಳ್ಳೆಯ ನೆಪವೂ ಹೌದು.

ಈಗ ಕೆಲಸಕ್ಕೆ ಬರೋಣ. ಹೊಸ ಹಾಳೆ ತೆಗೆದುಕೊ, ಅಡ್ಡಲಾಗಿ ಇಟ್ಟುಕೊ. ಪೂರ್ತಿ ಪದ ಬೇಡ, ಮೊದಲು ರ ಒಂದನ್ನೇ ಬರೆ. ಅಂಗೈಯಷ್ಟು ದೊಡ್ಡದಾಗಿ, ಪೆನ್ಸಿಲ್ ಒತ್ತದೆ, ದಿನವೂ ಬರೆಯುವ ಹಾಗೆಯೇ. ಕೆಳಗೆ ಒಂದು ದುಂಡು, ಮೇಲೆ ತಲಕಟ್ಟು. ಇದು ಮೂಳೆ. ಇನ್ನು ಈ ಗೆರೆಯ ಎರಡೂ ಬದಿಗೆ ಒಂದೇ ಅಂತರ ಬಿಟ್ಟು ಇನ್ನೊಂದು ಗೆರೆ ಎಳೆಯುತ್ತಾ ಹೋಗು. ತುದಿಗಳಲ್ಲಿ ಚೂಪು ಬಿಡದೆ ದುಂಡಗೆ ಮುಚ್ಚು. ಮೂಳೆಯನ್ನು ಅಳಿಸಿದರೆ ಉಳಿದದ್ದು ಮಾಂಸ ತುಂಬಿದ ರ.

ಆದರೆ ಎಲ್ಲ ಕಡೆ ಒಂದೇ ದಪ್ಪವಿದ್ದರೆ ಅದು ಬಳೆಯಂತೆ ಕಾಣುತ್ತದೆ. ಗುಳ್ಳೆಯ ಅಕ್ಷರಕ್ಕೆ ತೂಕ ಬೇಕು, ತೂಕ ಕೆಳಗೆ ಇಳಿದಿರಬೇಕು. ಹಾಗಾಗಿ ಒಳಗಿನ ತೂತನ್ನು ನಡುವೆ ಇಡಬೇಡ, ಚಿಕ್ಕದು ಮಾಡಿ ಮೇಲಕ್ಕೆ ಸರಿಸು. ಆಗ ಬುಡ ತಾನಾಗಿ ದಪ್ಪವಾಗಿ, ಅಕ್ಷರ ಕುಳಿತಂತೆ ಕಾಣುತ್ತದೆ. ಇಷ್ಟೇ ಬದಲಾವಣೆ, ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಾನು ಏಕೆ ಇಷ್ಟು ಹೇಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ತೂತು ಚಿಕ್ಕದಾದಷ್ಟೂ ಎಚ್ಚರ ಹೆಚ್ಚು ಬೇಕು: ಅದನ್ನು ಕಪ್ಪಾಗಿ ತುಂಬು ಅಥವಾ ಖಾಲಿ ಬಿಡು, ಒಳಗೆ ಮಾತ್ರ ಯಾವ ಚುಕ್ಕೆಯನ್ನೂ ಇಡಬೇಡ.

ತಲಕಟ್ಟಿನ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಗ್ರಾಫಿಟಿ ಮಾಡುವವರು ಅಕ್ಷರದ ಕಾಲನ್ನೋ ಕೈಯನ್ನೋ ಹೊರಗೆಳೆದು ಬಾಣ ಮಾಡುತ್ತಾರೆ. ನಮಗೆ ಆ ಹುಡುಕಾಟವಿಲ್ಲ, ತಲಕಟ್ಟಿನ ಬಲತುದಿ ಈಗಾಗಲೇ ಮೇಲಕ್ಕೆ ಹೊರಟಿದೆ. ಅದನ್ನೇ ಓರೆಯಾಗಿ, ನೇರವಾಗಿ ಎಳೆದು ತುದಿಗೆ ಬಾಣದ ತಲೆ ಕೂರಿಸಬಹುದು. ನೇರವಾಗಿ ಎಂದೆ, ಗಮನಿಸು. ಆ ತುದಿಯನ್ನು ಬಲಕ್ಕೆ ಬಾಗಿಸಿ ಕೆಳಗಿಳಿಸಿದರೆ ರ ದೀರ್ಘ ಪಡೆದು ರಾ ಆಗುತ್ತದೆ. ಮೇಲಕ್ಕೆ ಸುರುಳಿ ಸುತ್ತಿದರೆ ರ್ ಎಂದು ಓದುವವರಿದ್ದಾರೆ. ನಮ್ಮ ಲಿಪಿಯಲ್ಲಿ ಒಂದು ಬಾಲ, ಒಂದು ಚುಕ್ಕೆ, ಒಂದು ಸೀಳು ಎಲ್ಲಕ್ಕೂ ಅರ್ಥವಿದೆ. ಅಲಂಕಾರಕ್ಕೆ ಜಾಗ ಹುಡುಕುವಾಗ ಗುಣಿತ ಮರೆಯುವಂತಿಲ್ಲ.

ರ ಕೈಗೆ ಬಂದ ಮೇಲೆ ಪೂರ್ತಿ ಪದಕ್ಕೆ ಹೋಗು. ಆಗ ರಕಾರದಿಂದ ಶುರುಮಾಡಬೇಡ, ಸಕಾರದಿಂದ ಶುರುಮಾಡು. ಸ ದಪ್ಪವಾದಂತೆ ಅದರ ಒಳಗಿನ ಸಂದುಗಳು ಮುಚ್ಚಿಕೊಳ್ಳುತ್ತವೆ. ಸಂದು ಉಳಿಯುವಂತೆ ಅದು ಎಷ್ಟು ದಪ್ಪ ತಾಳುತ್ತದೋ ಅಷ್ಟೇ ದಪ್ಪ ಉಳಿದ ಮೂರಕ್ಕೂ. ಬಡಪಾಯಿ ರ ಎಷ್ಟು ದಪ್ಪವಾದರೂ ಸೈ ಎನ್ನುತ್ತದೆ ಎಂದು ಅದನ್ನು ಊದಿಸಿದರೆ ಪದ ಒಂದು ಕಡೆ ವಾಲುತ್ತದೆ. ಎರಡು ರ ಇರುವುದು ನಿನ್ನ ಅದೃಷ್ಟ: ಅವು ಅಣ್ಣತಮ್ಮಂದಿರಂತೆ ಕಾಣಲಿ, ಅಚ್ಚೊತ್ತಿದಂತೆ ಬೇಡ. ಒಂದನ್ನು ಎಡಕ್ಕೆ ತುಸು ಓಲಿಸು, ಇನ್ನೊಂದರ ತಲಕಟ್ಟನ್ನು ಉದ್ದ ಮಾಡು.

ಅಕ್ಷರಗಳ ನಡುವೆ ಜಾಗ ಬಿಟ್ಟಿದ್ದೀಯಲ್ಲ, ಅದೂ ಬೇಡ. ಒಂದರ ಭುಜ ಇನ್ನೊಂದರ ಹಿಂದೆ ಸರಿಯಲಿ. ಯಾವುದು ಮುಂದೆ, ಯಾವುದು ಹಿಂದೆ ಎಂದು ಮೊದಲೇ ನಿರ್ಧರಿಸಿ, ಹಿಂದಿನದರ ಮರೆಯಾಗುವ ಗೆರೆಗಳನ್ನು ಅಳಿಸಿಬಿಡು. ಕೊನೆಯ ರ ಪಕ್ಕದ ದಾ ಅಕ್ಷರದ ದೀರ್ಘದ ಹಿಂದೆ ಅರ್ಧ ಇಂಚು ಅವಿತರೂ ಓದಲು ತೊಂದರೆಯಿಲ್ಲ, ಆದರೆ ಅದರ ತಲಕಟ್ಟು ಮುಚ್ಚಬಾರದು. ಒತ್ತಕ್ಷರವಿರುವ ಪದಗಳನ್ನು ಸದ್ಯಕ್ಕೆ ದೂರವಿಡು. ಕೆಳಗೆ ತೂಗುವ ಒತ್ತಿಗೆ ಜಾಗ ಹೊಂದಿಸುವುದು ಬೇರೆಯೇ ಲೆಕ್ಕಾಚಾರ.

ಇನ್ನು ಉಬ್ಬಿಬಂದಂತೆ ಕಾಣಿಸುವ ಆ ಪಕ್ಕದ ದಪ್ಪ. ಪುಸ್ತಕಗಳಲ್ಲಿ ಹೇಳಿಕೊಡುವ ಉಪಾಯ ಮೂಲೆಗಳಿರುವ ಅಕ್ಷರಗಳಿಗೆ ಸರಿ: ಪ್ರತಿ ಮೂಲೆಯಿಂದಲೂ ಒಂದೇ ದಿಕ್ಕಿಗೆ, ಒಂದೇ ಉದ್ದದ ಗೆರೆ ಎಳೆದು ತುದಿಗಳನ್ನು ಕೂಡಿಸುವುದು. ರಕಾರದಲ್ಲಿ ಮೂಲೆ ಎಲ್ಲಿಂದ ತರುತ್ತೀಯೆ? ಅದಕ್ಕೆ ಟ್ರೇಸಿಂಗ್ ಪೇಪರ್ ಬೇಕು. ಪದದ ಹೊರರೇಖೆಯನ್ನು ಅದರ ಮೇಲೆ ತೆಗೆದುಕೊ. ಆ ಹಾಳೆಯನ್ನು ಚಿತ್ರದಡಿಗೆ ಸರಿಸಿ, ಕೆಳಗೆ ಎಡಕ್ಕೆ ಅರ್ಧ ಸೆಂಟಿಮೀಟರ್ ಜರುಗಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿ. ಹೊರಗೆ ಇಣುಕುವ ಗೆರೆಗಳನ್ನು ಮಾತ್ರ ಚಿತ್ರದ ಮೇಲೆ ನಕಲು ಮಾಡು. ಮೇಲಿನ ಬಾಗು ಕೆಳಗಿನ ಬಾಗನ್ನು ಬಿಟ್ಟು ಹೊರಡುವ ಕಡೆ ಒಂದು ಓರೆಗೆರೆ ಕೊಟ್ಟು ಬೆಸೆ. ರಕಾರದ ತೂತಿನೊಳಗೂ ಬಲ ಅಂಚಿನಲ್ಲಿ ಸಣ್ಣ ಚಂದ್ರರೇಖೆಯಂತೆ ಈ ದಪ್ಪ ಕಾಣಿಸಬೇಕು. ಹೊಸಬರು ಮರೆಯುವುದು ಇದನ್ನೇ, ಪರಿಣಾಮ ಹಾಳಾಗುವುದೂ ಇಲ್ಲೇ.

ಬಣ್ಣದ ಬಗ್ಗೆ ನೀನು ಎರಡು ಪುಟ ಬರೆದಿದ್ದೀಯೆ, ನನಗೆ ಅಷ್ಟು ಹೇಳಲಿಕ್ಕಿಲ್ಲ. ಎರಡು ಅಥವಾ ಮೂರು ಬಣ್ಣ ಸಾಕು. ಬಣ್ಣದ ಪೆನ್ಸಿಲ್ಲೂ ನಡೆಯುತ್ತದೆ, ದುಬಾರಿ ಮಾರ್ಕರ್ ಈಗಲೇ ಬೇಡ. ಆಲ್ಕೋಹಾಲ್ ಮಾರ್ಕರ್ ಇದ್ದೇ ಇದ್ದರೆ ತಿಳಿಬಣ್ಣ ಮೊದಲು ಬಳಿದು, ಅದು ಒದ್ದೆಯಿರುವಾಗಲೇ ಗಾಢ ಬಣ್ಣ ತಾಗಿಸು, ಎರಡೂ ಕರಗಿ ಬೆರೆಯುತ್ತವೆ. ಆ ಶಾಯಿ ಹಾಳೆಯ ಹಿಂದಕ್ಕೂ ಇಳಿಯುವುದರಿಂದ ಅಡಿಯಲ್ಲಿ ರದ್ದಿ ಕಾಗದವಿರಲಿ. ಬಣ್ಣ ಹಾಕುವ ಮೊದಲು ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಮಸುಕು ಮಾಡು, ಇಲ್ಲವಾದರೆ ಹಳದಿ ಕೊಳಕಾಗುತ್ತದೆ. ಕಪ್ಪು ಹೊರರೇಖೆ ಬಣ್ಣ ಒಣಗಿದ ಮೇಲೆ. ಮೊದಲೇ ಎಳೆದರೆ ಮಾರ್ಕರ್ ಅದನ್ನೂ ಎಳೆದುಕೊಂಡು ಹೋಗುತ್ತದೆ.

ಹೊಳಪು ಕೊನೆಗೆ, ಬಿಳಿ ಜೆಲ್ ಪೆನ್ನಿನಲ್ಲಿ. ಪಕ್ಕದ ದಪ್ಪ ಕೆಳಗೆ ಎಡಕ್ಕೆ ಹೋಗಿದೆ ಎಂದರೆ ಬೆಳಕು ಮೇಲೆ ಬಲದಿಂದ ಬೀಳುತ್ತಿದೆ. ಹಾಗಾದರೆ ನಾಲ್ಕೂ ಅಕ್ಷರಗಳ ಮೇಲಿನ ಬಲ ಭುಜದ ಮೇಲೆಯೇ ಒಂದು ಸಣ್ಣ ಬಾಗುಗೆರೆ, ಅದರ ಪಕ್ಕ ಒಂದು ಚುಕ್ಕೆ. ಅಕ್ಷರದ ಮೈಮೇಲೆ, ಹೊಟ್ಟೆಯೊಳಗಲ್ಲ! ಸೋರುವ ಹನಿ ಬೇಕೇ ಬೇಕೆಂದರೆ ಎರಡು ಹಾಕು. ದಕಾರದ ಬುಡದಲ್ಲಿ ಮಾತ್ರ ಬೇಡ.

ಕಷ್ಟದ ವೈಲ್ಡ್‌ಸ್ಟೈಲ್ ಯಾವಾಗ ಕಲಿಯಬಹುದು ಎಂದಿದ್ದೀಯೆ. ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು ಹೊರಗಿನವರಿಗೆ ಓದಲೇ ಬಾರದ ಆ ಶೈಲಿಯನ್ನು ನಿನ್ನ ಸರದಾರ ಮೊದಲು ಸರದಾರನಾಗಿ ಓದಿಸಿಕೊಂಡ ಮೇಲೆ ನೋಡೋಣ.

ಮುಂದಿನ ಸಲ ಬಣ್ಣ ತುಂಬಿದ ಚಿತ್ರದ ಜೊತೆ ಪೆನ್ಸಿಲ್ ಹಂತದ ಫೋಟೋವನ್ನೂ ಕಳುಹಿಸು. ನಾನು ಮೊದಲು ನೋಡುವುದು ಅದನ್ನೇ. ಅಷ್ಟರಲ್ಲಿ ಆ ಸಕಾರವನ್ನು ಒಂದು ಪುಟ ತುಂಬ ಬರೆದಿಡು, ಅದು ಅಷ್ಟು ಸುಲಭಕ್ಕೆ ಬಗ್ಗುವ ಪೈಕಿಯಲ್ಲ.

ನಿನ್ನ ಗೆಳೆಯ